ಚಿನ್ನದಂಗಡಿಯಲ್ಲಿ ಮೌನವೇಕೆ?

ಸಂತೆಯಲ್ಲಿ ಹತ್ತು ರೂಪಾಯಿಯ ಸೊಪ್ಪಿಗಾಗಿ ನಾಲ್ಕು ಕಡೆ ವಿಚಾರಿಸುವ ನಮ್ಮ ಜನ, ಲಕ್ಷ ರೂಪಾಯಿಯ ಬಂಗಾರವನ್ನು ಕೊಳ್ಳುವಾಗ ಬಾಯಿ ತೆರೆಯುವುದಿಲ್ಲ. ಇದೆಂತಹ ವಿಪರ್ಯಾಸ! ವರ್ತಕನು ಹೇಳಿದ್ದೇ ತೂಕ, ಬರೆದದ್ದೇ ಬೆಲೆ. ಪ್ರಶ್ನಿಸಿದರೆ ಅವನನ್ನು ಅವಮಾನಿಸಿದಂತಾದೀತೆಂಬ ದಾಕ್ಷಿಣ್ಯ. ಏನೂ ತಿಳಿಯದವರೆಂದು ಪಕ್ಕದವರು ನಕ್ಕಾರೆಂಬ ಸಂಕೋಚ. ಮಗಳ ಮದುವೆಗೆಂದು ಮೊದಲ ಬಾರಿ ಒಡವೆಯಂಗಡಿಯ ಮೆಟ್ಟಿಲೇರುವ ರೈತನೂ, ವಿದ್ಯಾರ್ಥಿನಿಲಯದಲ್ಲಿ ಓದಿ ಈಗಷ್ಟೇ ನೌಕರಿಗೆ ಸೇರಿ ತಾಯಿಗೊಂದು ಸರ ಕೊಡಿಸಬೇಕೆನ್ನುವ ತರುಣನೂ ಈ ವಿಷಯದಲ್ಲಿ ಸಮಾನರು. ಪ್ರಿಯ ವಾಚಕರೇ, ಈ ದಾಕ್ಷಿಣ್ಯಕ್ಕಾಗಿ ತಾವು ತೆರುತ್ತಿರುವ ಬೆಲೆಯನ್ನು ಎಂದಾದರೂ ಲೆಕ್ಕ ಹಾಕಿರುವಿರಾ?

ಅನುಕೂಲಕ್ಕಾಗಿ 22 ಕ್ಯಾರೆಟ್ ಚಿನ್ನದ ದರವನ್ನು ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿರಿ. 10 ಗ್ರಾಮಿನ ಸರದ ಚಿನ್ನಕ್ಕೆ 1,00,000 ರೂ.; 'ವೇಸ್ಟೇಜ್' ಎಂದು ಶೇಕಡಾ 12 ಸೇರಿಸಿದರೆ 12,000 ರೂ.; ಒಟ್ಟು ಮೊತ್ತದ ಮೇಲೆ ಶೇಕಡಾ 3ರಂತೆ ಸರಕು ಮತ್ತು ಸೇವಾ ತೆರಿಗೆ 3,360 ರೂ. ತಾವು ತೆತ್ತದ್ದು 1,15,360 ರೂ. ಅದೇ ಸರವನ್ನು ಮರುದಿನ ಅದೇ ದರದಲ್ಲಿ ಮಾರಹೋದರೆ ದೊರೆಯುವುದು ಹೆಚ್ಚೆಂದರೆ ಚಿನ್ನದ ಬೆಲೆ ಮಾತ್ರ. ತೆರಿಗೆಯನ್ನು ಸರ್ಕಾರ ಗೊತ್ತುಪಡಿಸಿದೆ. ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಆದರೆ ಆ ಶೇಕಡಾ 12ನ್ನು ಗೊತ್ತುಪಡಿಸಿದವರಾರು? ವರ್ತಕನೇ ಅಲ್ಲವೆ? ಕುಶಲ ಕೆಲಸಕ್ಕೆ ಮಜೂರಿ ಕೊಡುವುದು ಧರ್ಮ. ಆದರೆ ಯಂತ್ರದಲ್ಲಿ ತಯಾರಾದ ಸಾದಾ ಸರಪಳಿಗೂ, ದಿನಗಟ್ಟಲೆ ಕುಳಿತು ಕೆತ್ತಿದ ಒಡವೆಗೂ ಒಂದೇ ಪ್ರಮಾಣವೆಂದರೆ ಅದಾವ ನ್ಯಾಯ? ಇನ್ನು ಆ 10 ಗ್ರಾಮಿನಲ್ಲಿ 1 ಗ್ರಾಂ ಗಾಜಿನ ಹರಳೇ ಆಗಿದ್ದು, ಒಟ್ಟು ತೂಕಕ್ಕೆ ಚಿನ್ನದ ದರವನ್ನು ಕಟ್ಟಿದರೆ, ತಾವು ಗಾಜಿಗೆ 10,000 ರೂಪಾಯಿ ಕೊಟ್ಟಂತಾಯಿತು!

ಶುದ್ಧತೆಯ ವಿಷಯದಲ್ಲಿ ಕಾನೂನು ನಮ್ಮ ಬೆಂಬಲಕ್ಕಿದೆ. 2000ನೇ ಇಸವಿಯಲ್ಲಿ ಐಚ್ಛಿಕವಾಗಿ ಆರಂಭವಾದ ಹಾಲ್‌ಮಾರ್ಕ್ ಪದ್ಧತಿಯು 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಗಿ, ಅನಂತರ ಹಂತಹಂತವಾಗಿ ಇತರ ಜಿಲ್ಲೆಗಳಿಗೂ ವಿಸ್ತರಿಸಿದೆ. ಭಾರತೀಯ ಮಾನಕ ಬ್ಯೂರೋದ ಮುದ್ರೆ, '22ಕೆ916' ಎಂಬಂತಹ ಶುದ್ಧತೆಯ ಗುರುತು, ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ವಿಶಿಷ್ಟ ಸಂಖ್ಯೆ, ಈ ಮೂರೂ ಒಡವೆಯ ಮೇಲಿರಬೇಕು. 916 ಎಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನವೆಂದರ್ಥ. ಆ ಸಂಖ್ಯೆಯನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಮುದ್ರೆ ಹೇಳಿದುದಕ್ಕಿಂತ ಶುದ್ಧತೆ ಕಡಿಮೆಯೆಂದು ಸಿದ್ಧವಾದರೆ, ಕೊರತೆಯ ಮೌಲ್ಯದ ಎರಡರಷ್ಟನ್ನೂ ಪರೀಕ್ಷೆಯ ವೆಚ್ಚವನ್ನೂ ಕೊಡಬೇಕೆಂದು 2018ರ ನಿಯಮಗಳು ವಿಧಿಸಿವೆ. ಆದರೆ ನೆನಪಿರಲಿ: ಮುದ್ರೆಯು ಶುದ್ಧತೆಗೆ ಸಾಕ್ಷಿಯೇ ಹೊರತು ಮಜೂರಿಯ ನ್ಯಾಯಕ್ಕೆ ಸಾಕ್ಷಿಯಲ್ಲ.

ಕಾನೂನಿನ ಬೇಲಿಯಲ್ಲಿಯೂ ಒಂದು ಕಂಡಿ ಉಂಟು. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯದಿಂದ ವಿನಾಯಿತಿ! ಬಡವರ ಮನೆಯ ಚಿನ್ನವಿರುವುದಾದರೂ ಎಲ್ಲಿ? ಮೂಗುತಿಯಲ್ಲಿ, ಕಿವಿಯ ಓಲೆಯಲ್ಲಿ, ತಾಳಿಯ ಗುಂಡಿನಲ್ಲಿ. ಸಿರಿವಂತರ ಹಾರಕ್ಕೆ ಕಾವಲು, ಕೂಲಿಯವಳ ಮೂಗುತಿಗೆ ಮಾತ್ರ ಕೇವಲ ವಿಶ್ವಾಸ! ಈ ತಾರತಮ್ಯವನ್ನು ಸರ್ಕಾರ ಸರಿಪಡಿಸಲೇಬೇಕು. ಅಲ್ಲಿಯವರೆಗೆ, ಚಿಕ್ಕ ಒಡವೆ ಕೊಳ್ಳುವವರೇ ಹೆಚ್ಚು ಪ್ರಶ್ನಿಸಬೇಕು.

'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆಯನ್ನು ಹೇಳಿ ನಿಟ್ಟುಸಿರಿಟ್ಟು ಸುಮ್ಮನಾಗುವವರಿದ್ದಾರೆ. ದುಡಿದು ಉಣ್ಣುವ ಕುಶಲಕರ್ಮಿಗಳೆಲ್ಲರನ್ನೂ ಕಳ್ಳರೆನ್ನುವ ಈ ಮಾತು ಅನ್ಯಾಯದ್ದು. ಮೇಲಾಗಿ ಅದು ನಮ್ಮ ಆಲಸ್ಯಕ್ಕೆ ಹೊದಿಸಿದ ಹೊದಿಕೆ. ಲೆಕ್ಕ ಕೇಳುವ ಗಿರಾಕಿಯಿಂದ ಪ್ರಾಮಾಣಿಕ ವರ್ತಕನಿಗೆ ನಷ್ಟವಿಲ್ಲ. ಅವನಿಗೆ ಗೌರವವೇ ಹೆಚ್ಚುತ್ತದೆ. ಲೆಕ್ಕಕ್ಕೆ ಸಿಡಿಮಿಡಿಗೊಳ್ಳುವವನ ಅಂಗಡಿಯನ್ನು ಬಿಟ್ಟು ಹೊರಬರುವುದೇ ಲೇಸು. ಶೇಕಡಾ 3ರ ತೆರಿಗೆಯನ್ನುಳಿಸಲು ಕಚ್ಚಾ ಚೀಟಿಗೆ ಒಪ್ಪುವ ಗಿರಾಕಿಯಾದರೋ ತನ್ನ ಕೈಯಾರೆ ತನ್ನ ಸಾಕ್ಷ್ಯವನ್ನೇ ಸುಟ್ಟುಕೊಂಡಂತೆ. ನಾಳೆ ಗ್ರಾಹಕರ ಆಯೋಗದ ಮುಂದೆ ಅವನು ಹಿಡಿದು ನಿಲ್ಲುವುದಾದರೂ ಏನನ್ನು?

ಆದುದರಿಂದ ವಾಚಕರೇ, ಅಂಗಡಿಗೆ ಹೋಗುವ ಮುನ್ನ ಅಂದಿನ ದರವನ್ನು ತಿಳಿದುಕೊಳ್ಳಿರಿ. ಎರಡು ಮೂರು ಕಡೆ ಮಜೂರಿಯನ್ನು ವಿಚಾರಿಸಿರಿ. ಹರಳಿನ ತೂಕವನ್ನು ಕಳೆದ ನಿವ್ವಳ ತೂಕ, ಕ್ಯಾರೆಟ್, ದರ, ಮಜೂರಿ, ತೆರಿಗೆ ಇವಿಷ್ಟೂ ಬೇರೆಬೇರೆಯಾಗಿ ನಮೂದಾದ ಪಕ್ಕಾ ರಸೀದಿಯನ್ನು ಪಡೆಯದೆ ಹಣವನ್ನು ಎಣಿಸಬೇಡಿರಿ. ಮರಳಿ ಕೊಟ್ಟರೆ ಏನನ್ನು ಕಳೆಯುವರೆಂಬುದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಿರಿ. ಬೆವರು ಸುರಿಸಿ ಗಳಿಸಿದ ಹಣಕ್ಕೆ ಲೆಕ್ಕ ಕೇಳುವುದು ಜಿಪುಣತನವಲ್ಲ, ಅವಿಶ್ವಾಸವೂ ಅಲ್ಲ. ಅದು ದುಡಿಮೆಗೆ ತೋರುವ ಮರ್ಯಾದೆ.