ಖಾಲಿ ಅಂದ್ರೆ ಸೊನ್ನೆ ಅಲ್ಲ ಕಣ್ರೀ

ನಮ್ಮ ತಾಂಡ್ಯದ ಕಡೆ ಮಳೆ ಲೆಕ್ಕ ಅಂದ್ರೆ ಬರೀ ಅಂಕಿ ಅಲ್ಲ. 2016ರ ಕೇಂದ್ರದ ಬರ ನಿರ್ವಹಣಾ ಕೈಪಿಡಿ ಪ್ರಕಾರ ಬರ ಘೋಷಣೆಗೆ ಮೊದಲು ನೋಡೋದೇ ಮಳೆ ಕೊರತೆ. ಅಂಥ ಪಟ್ಟಿಯಲ್ಲಿ ಮಳೆ ಮಾಪಕ ಕೆಟ್ಟ ದಿನದ ಖಾಲಿ ಜಾಗಕ್ಕೆ ಸೊನ್ನೆ ತುಂಬೋದು ನನಗಂತೂ ಸುತರಾಂ ಹಿಡಿಸೋಲ್ಲ.

ಆರ್ ಭಾಷೆ ಬಳಸೋರಿಗೆ ಗೊತ್ತಿರುತ್ತೆ, ಅಂಕಿಯ ಕಾಲಮ್ಮಿನಲ್ಲಿ ಖಾಲಿ ಇದ್ದದ್ದು ‘ಎನ್‌ಎ’ ಆಗುತ್ತೆ. ಕೂಡಿಸು ಅಂದ್ರೆ ಉತ್ತರವೂ ಎನ್‌ಎ! ಸಿಟ್ಟು ಬರುತ್ತೆ, ನಿಜ. ತಕ್ಷಣ ‘ಎನ್‌ಎ.ಆರ್‌ಎಂ = ಟ್ರೂ’ ಸೇರಿಸಿ ಮುಂದೆ ಹೋಗ್ತಾರೆ. ಸರಾಸರಿಗಾದ್ರೆ ಅದು ಅಳೆದ ದಿನಗಳನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತೆ. ಮೊತ್ತಕ್ಕೆ ಹಾಗಲ್ಲ... ಸೊನ್ನೆ ತುಂಬಿದ್ರೆ ಎಷ್ಟು ಬರ್ತಿತ್ತೋ ಅಷ್ಟೇ! ಜುಲೈನಲ್ಲಿ ಹತ್ತು ದಿನ ಮಾಪಕ ಕೆಟ್ಟರೆ ಹತ್ತು ದಿನ ಮಳೆಯೇ ಬಿದ್ದಿಲ್ಲ ಅಂದ ಹಾಗೆ. ಹೀಗೆ ಇಲ್ಲದ ಬರ ತೋರಿಸಿದ್ರೆ ನಾಳೆ ನಿಜವಾದ ಬರದ ಅಂಕಿಯನ್ನು ನಂಬೋರು ಯಾರು?

ಮೊದಲು ‘ಈಸ್.ಎನ್‌ಎ’ ಹಾಕಿ, ತಿಂಗಳಿಗೆ ಎಷ್ಟು ದಿನ ಖಾಲಿ ಅಂತ ಎಣಿಸಿ ಮೊತ್ತದ ಪಕ್ಕದಲ್ಲೇ ಬರೀರಿ. ಗೆರೆಯ ಗ್ರಾಫ್ ಬಿಡಿಸಿದ್ರೆ ಎನ್‌ಎ ಬಂದಲ್ಲಿ ಆರ್ ತಾನಾಗಿಯೇ ಗೆರೆ ತುಂಡರಿಸುತ್ತೆ. ಚೆನ್ನಾಗಿ ಕಾಣಲ್ಲ ಅಂತ ಅದನ್ನ ಮುಚ್ಚಬೇಡಿ. ನಂಜನಗೂಡಿನ ರೈತರು ಇದೇನು ಅಂತ ಬೊಟ್ಟಿಟ್ಟು ಕೇಳಿದ್ರೆ, ‘ಇಲ್ಲಿ ಅಳೆದಿಲ್ಲ’ ಅಂತ ಹೇಳೋಕಾದ್ರೂ ಆಗುತ್ತೆ.