ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕಂಪೈಲರ್ ತೋರಿಸಿದ ಸಾಲಿನಲ್ಲೇ ತಪ್ಪಿರುತ್ತದೆಯೇ?

ಪ್ರೋಗ್ರಾಮಿಂಗ್ ಕಲಿಯಲು ಹೊರಟವರನ್ನು ಮೊದಲ ವಾರವೇ ಹೆದರಿಸುವುದು ಪರದೆಯ ಮೇಲೆ ಮೂಡುವ ಕೆಂಪು ಅಕ್ಷರಗಳು. ನಲವತ್ತನೇ ಸಾಲಿನಲ್ಲಿ ದೋಷವಿದೆ ಎನ್ನುತ್ತದೆ ಕಂಪ್ಯೂಟರ್. ಆ ಸಾಲನ್ನು ಹತ್ತು ಸಲ ಓದಿದರೂ ತಪ್ಪೇನೂ ಕಾಣುವುದಿಲ್ಲ. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ, ನನ್ನ ತಲೆಗೇ ಹತ್ತುತ್ತಿಲ್ಲ ಎಂದುಕೊಂಡು ಕೈಬಿಟ್ಟವರು ಬೇಕಾದಷ್ಟು ಜನ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗಂತೂ ಇದು ಎರಡು ಪಟ್ಟು ಕಷ್ಟ. ಸಂದೇಶ ಇಂಗ್ಲಿಷಿನಲ್ಲಿರುತ್ತದೆ, ಅದೂ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗದ ಇಂಗ್ಲಿಷಿನಲ್ಲಿ.

ಇಲ್ಲಿರುವ ನಂಬಿಕೆ ಏನೆಂದರೆ, ಕಂಪೈಲರ್ ಬೆರಳು ತೋರಿಸಿದ ಜಾಗದಲ್ಲೇ ತಪ್ಪು ಇರುತ್ತದೆ ಎಂಬುದು. ಇದು ಅರ್ಧ ಮಾತ್ರ ನಿಜ. ಎಲ್ಲೋ ಒಂದು ಕಡೆ ಲೆಕ್ಕ ಹೊಂದುತ್ತಿಲ್ಲ ಎಂಬುದು ಕಂಪೈಲರ್‌ಗೆ ಖಚಿತವಾಗಿ ಗೊತ್ತು. ಆದರೆ ಅದಕ್ಕೆ ಯಾವ ಸಾಲು ಕಾರಣ ಎಂದು ಹೇಳುವಾಗ ಅದು ಮಾಡುವುದು ಬಹುಪಾಲು ಊಹೆ.

ಮೊದಲು ಈ ಕಂಪೈಲರ್ ಏನು ಮಾಡುತ್ತದೆ ನೋಡೋಣ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಾಯಿಸುವುದು ಅದರ ಕೆಲಸ. ಹಾಗೆ ಬದಲಾಯಿಸುವ ಮುನ್ನ ಅದರೊಳಗಿನ ಟೈಪ್ ಚೆಕರ್ ಎಂಬ ಭಾಗ ಒಂದು ತಪಾಸಣೆ ಮಾಡುತ್ತದೆ. ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯೇ ಇದೆಯೇ, ಹೆಸರಿರಬೇಕಾದ ಕಡೆ ಅಕ್ಷರಗಳಿವೆಯೇ ಎಂದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬೆಲೆಯ ಕಾಲಂನಲ್ಲಿ 'ರಾಮಣ್ಣ' ಎಂದು ಬರೆದರೆ ಯಾರಾದರೂ ಹಿಡಿಯುತ್ತಾರಲ್ಲ, ಹಾಗೆ.

ಕೆಲವು ಭಾಷೆಗಳಲ್ಲಿ ಯಾವುದು ಸಂಖ್ಯೆ, ಯಾವುದು ಅಕ್ಷರ ಎಂದು ನಾವೇ ಬರೆದು ಹೇಳಬೇಕು. ಇನ್ನು ಕೆಲವು ಭಾಷೆಗಳಲ್ಲಿ ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ. ಈ ಊಹೆಯ ವಿಧಾನಕ್ಕೆ ತಳಪಾಯ ಹಾಕಿದವರು ಬ್ರಿಟನ್ನಿನ ರೋಜರ್ ಹಿಂಡ್ಲಿ (1969) ಮತ್ತು ರಾಬಿನ್ ಮಿಲ್ನರ್ (1978). ಬಹಳ ಸೊಗಸಾದ ವಿಧಾನ. ಕೇಡೆಂದರೆ, ಪ್ರೋಗ್ರಾಮ್ ಸರಿಯಿದ್ದಾಗ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ, ತಪ್ಪಿದ್ದಾಗ ತಪ್ಪನ್ನು ವಿವರಿಸಲು ಅಷ್ಟೇ ಒದ್ದಾಡುತ್ತದೆ.

ಒಂದು ಪಟ್ಟಿ ತೆಗೆದುಕೊಳ್ಳಿ: 10, 20, 'ಮೂವತ್ತು'. ಪಟ್ಟಿಯಲ್ಲಿ ಎಲ್ಲವೂ ಒಂದೇ ಬಗೆಯದಾಗಿರಬೇಕು ಎಂಬುದು ನಿಯಮ ಎಂದಿಟ್ಟುಕೊಳ್ಳಿ. ಎಡದಿಂದ ಓದುತ್ತಾ ಹೋಗುವ ಚೆಕರ್ ಮೊದಲು 10 ನೋಡಿ 'ಓಹೋ, ಇದು ಸಂಖ್ಯೆಗಳ ಪಟ್ಟಿ' ಎಂದು ತೀರ್ಮಾನಿಸುತ್ತದೆ, 'ಮೂವತ್ತು' ಬಂದಾಗ ತಕರಾರು ತೆಗೆಯುತ್ತದೆ. ಸರಿಯೇ. ಈಗ ಅದನ್ನೇ ತಿರುಗಿಸಿ: 'ಮೂವತ್ತು', 10, 20. ಈ ಸಲ 'ಇದು ಅಕ್ಷರಗಳ ಪಟ್ಟಿ' ಎಂದು ತೀರ್ಮಾನಿಸಿ, ಪಾಪದ 10ನ್ನು ಕಟಕಟೆಗೆ ಎಳೆಯುತ್ತದೆ! ತಪ್ಪು ಮಾಡಿದ್ದು ಅದೇ 'ಮೂವತ್ತು'. ಆದರೆ ಮೊದಲು ಬಂದವನ ಮಾತೇ ಸತ್ಯ ಎನ್ನುವ ಪಂಚಾಯಿತಿ ಇದು.

ಮೂರೇ ಪದಗಳ ಪಟ್ಟಿಯಾದ್ದರಿಂದ ಇಲ್ಲಿ ನಮಗೆ ಕೂಡಲೇ ತಿಳಿಯಿತು. ಮೂರನೇ ಸಾಲಿನಲ್ಲಿ ಬೆಲೆಯನ್ನು ಅಕ್ಷರವಾಗಿ ಬರೆದು, ನಲವತ್ತನೇ ಸಾಲಿನಲ್ಲಿ ಅದನ್ನು ಗುಣಿಸಲು ಹೋದರೆ? ಮೂರನೇ ಸಾಲು ತನ್ನಷ್ಟಕ್ಕೆ ಅಪರಾಧವೇ ಅಲ್ಲ. ಎರಡೂ ಸೇರಿದಾಗ ಮಾತ್ರ ಜಗಳ. ಜಗಳ ಬೆಳಕಿಗೆ ಬಂದದ್ದು ನಲವತ್ತನೇ ಸಾಲಿನಲ್ಲಿ, ಹಾಗಾಗಿ ಕೆಂಪು ಗೆರೆ ಅಲ್ಲೇ ಬೀಳುತ್ತದೆ.

ಇದು ಇವತ್ತು ನಿನ್ನೆ ಕಂಡ ತೊಂದರೆಯಲ್ಲ. ಟೈಪ್ ದೋಷದ ಮೂಲ ಹುಡುಕುವುದು ಹೇಗೆ ಎಂದು ಮಿಚೆಲ್ ವಾಂಡ್ 1986ರಲ್ಲೇ ಸಂಶೋಧನಾ ಪ್ರಬಂಧ ಬರೆದಿದ್ದರು. ಚೆಕರ್ ಪ್ರತಿ ತೀರ್ಮಾನಕ್ಕೂ 'ಯಾಕೆ ಹೀಗೆಂದುಕೊಂಡೆ' ಎಂಬ ಕಾರಣವನ್ನು ಜೊತೆಗೇ ಇಟ್ಟುಕೊಂಡು ಹೋಗಲಿ ಎಂಬುದು ಅವರ ಯೋಚನೆಯ ತಿರುಳು. ಆದರೂ ದಿನಬಳಕೆಯ ಕಂಪೈಲರ್‌ಗಳ ಮಾತು ಸುಧಾರಿಸಲು ಬಹಳ ಕಾಲ ಹಿಡಿಯಿತು. ಪ್ರೋಗ್ರಾಮರ್‌ಗಳು ಈ ಸಂದೇಶಗಳನ್ನು ಓದುವುದೇ ಇಲ್ಲ, ಸುಮ್ಮನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಮಾತೂ ಚಾಲ್ತಿಯಲ್ಲಿತ್ತು. ಅದೂ ತಪ್ಪು ನಂಬಿಕೆಯೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರು 56 ಜನರ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ಜನ ಓದುತ್ತಾರೆ. ಆದರೆ ಈ ಸಂದೇಶಗಳನ್ನು ಓದುವುದು ಪ್ರೋಗ್ರಾಮನ್ನು ಓದುವಷ್ಟೇ ಕಷ್ಟ ಎಂದು ಗೊತ್ತಾಯಿತು.

ದಿಕ್ಕು ಬದಲಾದದ್ದು ಸುಮಾರು 2015ರಲ್ಲಿ, ಎಲ್ಮ್ ಎಂಬ ಸಣ್ಣ ಭಾಷೆಯಿಂದ. ಅದರ ಕರ್ತೃ ಇವಾನ್ ಚಪ್ಲಿಕಿ ಸಂದೇಶಗಳನ್ನೆಲ್ಲ ಹೊಸದಾಗಿ ಬರೆಸಿದರು. ಅಲ್ಲಿ ಕಂಪೈಲರ್ 'ನಾನು' ಎಂದೇ ಮಾತಾಡುತ್ತದೆ: ಈ ಹೆಸರು ನನಗೆ ಸಿಗುತ್ತಿಲ್ಲ, ಹತ್ತಿರದ ಹೆಸರುಗಳು ಇವಿವೆ ಎನ್ನುವ ಧಾಟಿಯಲ್ಲಿ. ಅದರಿಂದ ಸ್ಫೂರ್ತಿ ಪಡೆದ ರಸ್ಟ್ ಭಾಷೆ 2016ರಲ್ಲಿ ತನ್ನ ಸಂದೇಶಗಳ ರೂಪವನ್ನೇ ಬದಲಿಸಿತು. ನಮ್ಮ ಪ್ರಕಾರ ಅಸಲಿ ಬದಲಾವಣೆ ಮಾತಿನ ವಿನಯದಲ್ಲಿಲ್ಲ. ರಸ್ಟ್ ಒಂದರ ಬದಲು ಎರಡು ಜಾಗ ತೋರಿಸುತ್ತದೆ: ಜಗಳ ಎದ್ದದ್ದು ಇಲ್ಲಿ, ನಾನು ಸಂಖ್ಯೆಯನ್ನು ನಿರೀಕ್ಷಿಸಿದ್ದು ಅಗೋ ಆ ಸಾಲಿನಿಂದಾಗಿ. ತೀರ್ಪು ಕೊಡುವ ಬದಲು ಸಾಕ್ಷಿಗಳನ್ನು ಮುಂದಿಡುತ್ತದೆ, ಉಳಿದದ್ದು ನಮ್ಮ ಕೆಲಸ. ಬಗೆ ಹೊಂದದ ದೋಷಕ್ಕೆ ಅಲ್ಲಿ ಇ0308 ಎಂಬ ಸಂಖ್ಯೆಯೂ ಇದೆ, ಅದನ್ನು ಕೊಟ್ಟು ಕೇಳಿದರೆ ಉದಾಹರಣೆ ಸಮೇತ ವಿವರಣೆ ಸಿಗುತ್ತದೆ.

'ನೀವು ಹೇಳಬೇಕೆಂದಿದ್ದು ಇದೇ ಏನು?' ಎಂದು ಸರಿ ಕಾಗುಣಿತ ಸೂಚಿಸುವುದರಲ್ಲಿ ಮಾಯವೇನೂ ಇಲ್ಲ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕು ಎಂದು ಎಣಿಸುವ ಲೆಕ್ಕವದು. ರಷ್ಯಾದ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಇಂಥ ಅಳತೆಯನ್ನು ಕೊಟ್ಟಿದ್ದರು.

ಇಷ್ಟೆಲ್ಲ ಯಾಕೆ ಮುಖ್ಯ? ಸಂದೇಶ ಅರ್ಥವಾಗದಿದ್ದರೆ ಜನ ತಪಾಸಣೆಯ ಬಾಯನ್ನೇ ಮುಚ್ಚಿಸುತ್ತಾರೆ. ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ 'ಎನಿ' ಎಂದು ಬರೆದರೆ ಸಾಕು, ಆ ಜಾಗದಲ್ಲಿ ಏನು ಬೇಕಾದರೂ ಇರಲಿ ಎಂದು ಚೆಕರ್ ಸುಮ್ಮನಾಗುತ್ತದೆ. ಕೆಂಪು ಗೆರೆ ಹೋಯಿತು, ತಪ್ಪು ಉಳಿಯಿತು. ಮುಂದೆ ಅದು ಸಿಗುವುದು ಆ್ಯಪ್ ಬಳಸುವವರ ಕೈಯಲ್ಲಿ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ನಾಶವಾದದ್ದು ಟೈಪ್ ಚೆಕರ್ ಇಲ್ಲದ್ದರಿಂದ ಎಂದು ಹೇಳುವವರಿದ್ದಾರೆ. ಅಷ್ಟು ಸರಳವಲ್ಲ. ಒಂದು ಕಡೆಯ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್ ಎಂದು ಓದಿಕೊಂಡದ್ದು ನಿಜ. ಆದರೆ ಆ ಅಂಕಿಗಳು ಕಡತದ ಮೂಲಕ ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೋದವು, ಸಾಮಾನ್ಯ ಟೈಪ್ ಚೆಕರ್ ಕಾಯುವುದು ಒಂದೇ ಪ್ರೋಗ್ರಾಮಿನ ಒಳಗನ್ನು. ಅಳತೆಯ ಮಾನವನ್ನೂ ಟೈಪ್ ಆಗಿ ಪರಿಶೀಲಿಸುವ ಎಫ್ ಶಾರ್ಪ್‌ನಂಥ ಭಾಷೆಗಳು ಈಗ ಇವೆ, ಅವಕ್ಕೂ ಕಡತದಾಚೆಗೆ ಕಣ್ಣಿಲ್ಲ.

ಅಂದಹಾಗೆ, 1947ರಲ್ಲಿ ಹಾರ್ವರ್ಡ್‌ನ ಕಂಪ್ಯೂಟರಿನಲ್ಲಿ ಪತಂಗ ಸಿಕ್ಕಿದ್ದರಿಂದ 'ಬಗ್' ಪದ ಹುಟ್ಟಿತು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಪತಂಗ ಸಿಕ್ಕಿದ್ದು ನಿಜ, ಪದ ಮಾತ್ರ ಹಳೆಯದು. ಥಾಮಸ್ ಎಡಿಸನ್ 1878ರ ಪತ್ರದಲ್ಲೇ ಯಂತ್ರದ ತೊಂದರೆಗೆ ಅದನ್ನು ಬಳಸಿದ್ದಾನೆ.

ಈಗ ಕಲಿಯುತ್ತಿರುವವರಿಗೆ ಒಂದು ಉಪಾಯ. ಐವತ್ತು ದೋಷ ಕಂಡರೆ ಐವತ್ತು ತಪ್ಪು ಮಾಡಿದ್ದೀರಿ ಎಂದಲ್ಲ. ಒಂದು ತಪ್ಪಿನ ಬಾಲ ಹಿಡಿದು ಉಳಿದವು ಬಂದಿರುತ್ತವೆ. ಎಲ್ಲಕ್ಕಿಂತ ಮೇಲಿರುವುದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ. ತೋರಿಸಿದ ಸಾಲು ಸರಿಯಾಗಿಯೇ ಕಂಡರೆ, ಅಲ್ಲಿರುವ ಪ್ರತಿ ಹೆಸರೂ ಮೊದಲು ಎಲ್ಲಿ ಹುಟ್ಟಿತು ಎಂದು ಹಿಂದಕ್ಕೆ ಹುಡುಕುತ್ತಾ ಹೋಗಿ. ಸಿ++ ಬರೆಯುವವರು ಇನ್ನೂ ಒಂದು ನೆನಪಿಡಬೇಕು: ಸಂದೇಶ ನೀವು ಬರೆಯದೇ ಇರುವ ಯಾವುದೋ ಲೈಬ್ರರಿ ಕಡತದ ಹೆಸರು ಹೇಳುತ್ತಿದ್ದರೆ, ಅದನ್ನು ದಾಟಿ ಓದುತ್ತಾ ನಿಮ್ಮ ಕಡತದ ಹೆಸರು ಬರುವ ಸಾಲಿಗೆ ಹೋಗಿ. ಹುಡುಕಾಟ ಅಲ್ಲಿಂದ ಶುರುವಾಗಲಿ.