ಗೆದ್ದರೂ ಮುಖಪುಟ ಸಿಗದ ತಂಡ

ಸೊಕ್ಕೆ: 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ಫುಟ್‌ಬಾಲ್ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಇದು 54 ವರ್ಷಗಳ ಬಳಿಕ ದೊರೆತ ಜಯ. ಆದರೆ ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಹೋಬಳಿ ಕೇಂದ್ರದಲ್ಲಿ ಆ ತಂಡದ ಒಬ್ಬ ಆಟಗಾರನ ಹೆಸರನ್ನಾದರೂ ಬಲ್ಲ ಎಷ್ಟು ಮಂದಿ ಸಿಕ್ಕಾರು?

ಈ ಮರೆವಿಗೆ ದೀರ್ಘ ಇತಿಹಾಸವಿದೆ. ಮೈಸೂರು ರಾಜ್ಯ ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಈ ಟ್ರೋಫಿಯನ್ನು ಎತ್ತಿಹಿಡಿದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು; ಆದರೆ ಆ ಹೆಸರಿನಲ್ಲಿ ಟ್ರೋಫಿ ಬರಲು ಅರ್ಧ ಶತಮಾನವೇ ಬೇಕಾಯಿತು.

ವಿಪರ್ಯಾಸವೆಂದರೆ, ವರ್ಣರಂಜಿತ ಮುಖಪುಟಗಳ ಕಾಲ ಆರಂಭವಾದದ್ದೇ ಈ ಸೋಲಿನ ಅವಧಿಯಲ್ಲಿ. ಇಂಗ್ಲಿಷ್ ಪತ್ರಿಕೆ 'ಸ್ಪೋರ್ಟ್‌ಸ್ಟಾರ್' ಹೊರಬಂದದ್ದು 1978ರಲ್ಲಿ. 1983ರ ವಿಶ್ವಕಪ್ ಗೆಲುವು ಮತ್ತು ಮನೆಮನೆಗೆ ಬಂದ ದೂರದರ್ಶನ ಕ್ರಿಕೆಟನ್ನು ದೇಶದ ಆಟವಾಗಿಸಿದವು. ಗೆಲ್ಲದ ತಂಡಕ್ಕೆ ಚಿತ್ರವಿಲ್ಲ, ಚಿತ್ರವಿಲ್ಲದ ಆಟಕ್ಕೆ ಹೊಸ ಹುಡುಗರಿಲ್ಲ, ಹುಡುಗರಿಲ್ಲದ ತಂಡಕ್ಕೆ ಗೆಲುವಿಲ್ಲ. ಹೀಗೊಂದು ವಿಷವರ್ತುಲ ನಿರ್ಮಾಣವಾಯಿತು.

ಸೋಲೊಂದೇ ಕಾರಣವೆಂದರೆ ಅದು ಅರ್ಧಸತ್ಯ. ರಾಯಲ್ ಚಾಲೆಂಜರ್ಸ್ ತಂಡವು 2008ರಿಂದ 2024ರವರೆಗೆ 17 ಐಪಿಎಲ್ ಆವೃತ್ತಿಗಳಲ್ಲಿ ಒಮ್ಮೆಯೂ ಪ್ರಶಸ್ತಿ ಗೆಲ್ಲಲಿಲ್ಲ. 2025ರ ಜೂನ್ 3ರಂದಷ್ಟೇ ಆ ಕೊರತೆ ನೀಗಿತು. ಆದರೂ ಸೋತ ಅಷ್ಟೂ ವರ್ಷ ಅದರ ತಾರೆಯರ ಚಿತ್ರಗಳಿಗೆ ಬರವಿರಲಿಲ್ಲ. ಅಂದರೆ ಮುಖಪುಟವನ್ನು ನಿರ್ಧರಿಸುವುದು ಅಂಕಪಟ್ಟಿಯಲ್ಲ, ಮಾರುಕಟ್ಟೆ.

ಮತ್ತೊಂದು ಕಾರಣ ಮೈದಾನದ್ದು. ಈ ಆಟ ಮುಖ್ಯವಾಗಿ ಬೆಂಗಳೂರಿನ ದಂಡು ಪ್ರದೇಶ, ಆಸ್ಟಿನ್ ಟೌನ್, ಗೌತಮಪುರ, ಹಲಸೂರುಗಳಲ್ಲಿ ಬೆಳೆಯಿತು. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ಉದ್ಯೋಗ ನೀಡಿ ಸಾಕಿದವು. ಆ ಆಸರೆ ಸಡಿಲಗೊಂಡಾಗ ತಂಡವೂ ಸೊರಗಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ ಹೊಸ ಉತ್ಸಾಹ ತಂದಿತು. ಆದರೆ ಅದೂ ರಾಜಧಾನಿಯ ಕಥೆಯೇ.

ಸೊಕ್ಕೆಯ ಬಾಲಕನಿಗೆ ಇದರಿಂದ ಆಗಬೇಕಾದದ್ದೇನು ಎಂದು ಕೇಳಬಹುದು. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಕಬಡ್ಡಿ, ಖೋ-ಖೋ ಆಡಿ ಗೆಲ್ಲುವ ಮಕ್ಕಳ ಸ್ಥಿತಿಯೂ ಇದೇ. ಮಳೆಯನ್ನೇ ನಂಬಿದ ಈ ತಾಲ್ಲೂಕಿನಲ್ಲಿ ಆಟ ಮುಂದುವರಿಸಬೇಕಾದರೆ ದೈಹಿಕ ಶಿಕ್ಷಕ, ಸಮತಟ್ಟಾದ ಅಂಗಳ ಹಾಗೂ 'ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ' ಎಂಬ ಭರವಸೆ, ಈ ಮೂರೂ ಬೇಕು. ಮೊದಲೆರಡು ಸರ್ಕಾರದ ಹೊಣೆ. ಮೂರನೆಯದು ಪತ್ರಿಕೆಗಳದ್ದು.

ರಾಷ್ಟ್ರೀಯ ನಿಯತಕಾಲಿಕೆಗಳನ್ನು ದೂರುವುದು ಸುಲಭ. ಆದರೆ ರಿಯಾದ್ ಗೆಲುವಿಗೂ ಹೋಬಳಿ ಕ್ರೀಡಾಕೂಟಕ್ಕೂ ನಮ್ಮಂತಹ ಪ್ರಾದೇಶಿಕ ಸುದ್ದಿಮಾಧ್ಯಮಗಳು ಎಷ್ಟು ಜಾಗ ಕೊಟ್ಟಿವೆ? ಈ ಪ್ರಶ್ನೆಗೆ ಉತ್ತರಿಸಬೇಕಾದವರು ಮೊದಲು ನಾವೇ.